ಐದು ಮಜಲಿಯನ್ನು ಹೊತ್ತ ಗೋಡೆ

ಶಹಾಬಾದಿನ ಗೌಂಡಿ ಲಾಲಪ್ಪ ಬಾಯಿ ಬಿಡುವುದು ಎರಡೇ ಸಂಗತಿಗೆ ಎಂದು ಅವನ ಹೆಂಡತಿ ಭೀಮಬಾಯಿ ಹೇಳುತ್ತಿದ್ದಳು. ಒಂದು, ಪಲ್ಯಕ್ಕೆ ಖಾರ ಕಡಿಮೆಯಾಗಿದೆ ಎನ್ನಲು. ಇನ್ನೊಂದು, ಐದು ಮಜಲಿ ಯಾವುದರ ಮೇಲೆ ನಿಂತಿದೆ ಎಂದು ಹೇಳಲು. ಮೊದಲನೆಯದನ್ನು ಅವಳು ಒಂದು ಚಿಟಿಕೆ ಖಾರದಲ್ಲಿ ಮುಗಿಸಿಬಿಡುತ್ತಿದ್ದಳು. ಎರಡನೆಯದು ಮದುವೆಯಾದ ವರ್ಷ ಶುರುವಾದದ್ದು, ಮೊಮ್ಮಕ್ಕಳು ಬಂದರೂ ಮುಗಿದಿರಲಿಲ್ಲ.

ಐದು ಮಜಲಿ ಎಂದರೆ ಕಲ್ಲಿನ ಕಂಪನಿಯ ಐದು ಅಂತಸ್ತಿನ ಆಫೀಸು. ಸುತ್ತಲಿನ ಮನೆಗಳೆಲ್ಲ ಫರಸಿ ಕಲ್ಲು ಹೊದ್ದು ನೆಲಕ್ಕೆ ಅಂಟಿ ಕೂತಿದ್ದರೆ, ಅದೊಂದು ಮಾತ್ರ ಎದ್ದು ನಿಂತಿತ್ತು. ವಾಡಿ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಊರಿಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತಿತ್ತು. ಡಬ್ಬಿಯಲ್ಲಿ ತೂಕಡಿಸುವವರನ್ನು, ‘ಏಳ್ರಿ, ಐದು ಮಜಲಿ ಬಂತು, ಗಂಟು ಕಟ್ಕೋರಿ’ ಎಂದು ಪಕ್ಕದವರು ಎಬ್ಬಿಸುತ್ತಿದ್ದರು.

ಅದನ್ನು ನಿಜಾಮರ ಕಾಲದಲ್ಲಿ ಕಟ್ಟಿಸಿದವರು ಮುಂಬಯಿಯ ಒಬ್ಬ ಸೇಠರು. ಅವರು ಹಡಗು ಹತ್ತಿ ಪರದೇಶ ತಿರುಗಿ, ಅಲ್ಲಿ ಮುಗಿಲಿಗೆ ತಲೆ ತಾಗಿಸುವ ಆಫೀಸುಗಳನ್ನು ನೋಡಿ ಬಂದಿದ್ದರು. ಕುರ್ಚಿಯಿಂದ ಏಳದೆಯೇ ತಮ್ಮ ಕಲ್ಲಿನ ಖಣಿಗಳು, ಸೈಡಿಂಗಿನಲ್ಲಿ ನಿಂತ ವ್ಯಾಗನ್ನುಗಳು, ಆಚೆಗೆ ಕಾಗಿಣಾ ಹೊಳೆ ಎಲ್ಲವೂ ಕಾಣಬೇಕು ಎಂಬುದು ಅವರ ಆಸೆ. ಹಾಗಾಗಿ ಕಬ್ಬಿಣದ ಕಂಬ, ಕಬ್ಬಿಣದ ತೊಲೆಗಳು ರೈಲಿನಲ್ಲಿ ಬಂದಿಳಿದವು. ಅವುಗಳನ್ನು ಜೋಡಿಸುವವರು ಪರವೂರಿನವರು. ಒಬ್ಬ ಕೆಳಗಿನ ಕುಲುಮೆಯಿಂದ ಕೆಂಡದಂಥ ರಿವೆಟ್ಟು ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಮೇಲಕ್ಕೆ ಎಸೆಯುವನು. ತೊಲೆಯ ಮೇಲೆ ಕೂತವನು ಅದನ್ನು ತಗಡಿನ ಡಬ್ಬಿಯಲ್ಲಿ ಟಣ್ಣೆಂದು ಹಿಡಿಯುವನು. ಅದನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರಂತೆ.

ಎಲುಬಿನ ಗೂಡು ನಿಂತ ಮೇಲೆ ಗೋಡೆಯ ಕೆಲಸ ಊರ ಗೌಂಡಿಗಳ ಪಾಲಿಗೆ ಬಂತು. ಗೌಂಡಿಗಳ ಮುಖ್ಯಸ್ಥ ಖಾಜಾಮಿಯಾ ಉಸ್ತಾದ್. ಮುಂಬಯಿಯ ಇಂಜಿನಿಯರು ನಕ್ಷೆ ಹರಡಿ, ಒಂದು ಗೇಣು ದಪ್ಪದ ಗೋಡೆ ಸಾಕು ಎಂದ. ಭಾರ ಹೊರುವುದು ಕಬ್ಬಿಣ, ಗೋಡೆ ಬರೀ ಅದಕ್ಕೆ ತೊಡಿಸಿದ ಅಂಗಿ, ಗೂಟಕ್ಕೆ ತೂಗುಹಾಕಿದ ಹಾಗೆ ಎಂದು ತಿಳಿಸಿ ಹೇಳಿದ. ಉಸ್ತಾದರು ತಲೆಯಾಡಿಸಿದರು. ಆದರೆ ಈ ಸೀಮೆಯ ಗೌಂಡಿಗಳ ಲೆಕ್ಕ ಬೇರೆ. ಮಜಲಿಗೊಂದು ಗೇಣು. ಒಂದು ಮಜಲಿಗೆ ಒಂದು ಗೇಣು ದಪ್ಪ, ಎರಡಕ್ಕೆ ಎರಡು. ಐದು ಮಜಲಿ ಏಳಬೇಕಾದರೆ ಬುಡದಲ್ಲಿ ಐದು ಗೇಣು ಬೇಕೇ ಬೇಕು. ಅಜ್ಜ ಮುತ್ತಜ್ಜರು ಹಾಗೆಯೇ ಕಟ್ಟಿದ್ದರು, ಯಾರ ಗೋಡೆಯೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಇಂಜಿನಿಯರಿಗೆ ಚಳಿಜ್ವರ ಹಿಡಿದು, ಕಂಬಳಿ ಸುತ್ತಿಕೊಂಡು ಮುಂಬಯಿಗೆ ಹೋದ. ಅವನು ಸುಧಾರಿಸಿಕೊಂಡು ಬರುವ ಹೊತ್ತಿಗೆ ಕೆಳಗಿನ ಮಜಲಿಯ ಗೋಡೆ ಐದು ಗೇಣು ದಪ್ಪವಾಗಿ ತೊಲೆಯ ತನಕ ಏರಿ ನಿಂತಿತ್ತು. ಒಳಗಿನ ಕೋಣೆಗಳು ಕುಗ್ಗಿ ಹೋಗಿದ್ದವು. ಇಂಜಿನಿಯರು ತಲೆಯ ಮೇಲೆ ಕೈಹೊತ್ತು ಕೂತ. ಸೇಠರು ಬಂದವರು ಆ ಕಡುಬೇಸಿಗೆಯಲ್ಲಿ ಒಳಗೆ ಹೋಗಿ ನಿಂತರು, ಬೆವರು ಒರೆಸಿಕೊಂಡರು. ಮತ್ತೆ ಬೆವರು ಬರಲಿಲ್ಲ. ಇದು ಹೀಗೇ ಇರಲಿ, ಮೇಲಿನವು ನಕ್ಷೆಯಂತೆ ಆಗಲಿ ಎಂದು ನಕ್ಕು ಹೋದರು. ಆ ಮೇಲೆ ಎಷ್ಟೋ ವರ್ಷ, ಬೇಸಿಗೆ ಬಂತೆಂದರೆ ಮೇಲಿನ ಮಜಲಿಗಳ ಗುಮಾಸ್ತರು ಏನಾದರೊಂದು ನೆಪ ಮಾಡಿಕೊಂಡು ಕೆಳಗೇ ಸುಳಿದಾಡುತ್ತಿದ್ದರು.

ಲಾಲಪ್ಪ ಆಗ ಮೀಸೆ ಚಿಗುರಿದ ಹುಡುಗ, ಹೊಸದಾಗಿ ಮದುವೆಯಾದವನು. ಅಲ್ಲಿಯ ತನಕ ಸುಣ್ಣದ ಗಚ್ಚು ಅರೆಯುವ ಗಾಣ ತಿರುಗಿಸಿದವನ ಕೈಗೆ ಉಸ್ತಾದರು ಮೊದಲ ಸಲ ಕಲ್ಲು ಕೂರಿಸುವ ಕರಣಿ ಕೊಟ್ಟದ್ದು ಆ ಗೋಡೆಯ ಮೇಲೆ. ಮೇಲಿನ ಮಜಲಿಗಳು ಏಳುತ್ತಿದ್ದಾಗ ಅವರು ಕೆಳಗಿನ ಗೋಡೆಗೆ ಬೆನ್ನು ಆನಿಸಿ ಕೂತು ಹೇಳಿದ್ದರು: ‘ಲಾಲ್ಯಾ, ಆ ನಾಕೂ ಮಜಲಿ ನಮ್ಮ ಗ್ವಾಡಿ ಮ್ಯಾಲೇ ಕುಂತಾವ. ಕಬ್ಬಿಣ ಬರೇ ತೋರಿಕಿಗಿ. ಯಾರು ಏನೇ ಹೇಳ್ಲಿ, ನೀ ನೆಪ್ಪಿಡು.’

ಲಾಲಪ್ಪ ನೆನಪಿಟ್ಟ. ಉಸ್ತಾದರು ತೀರಿಕೊಂಡ ಮೇಲಂತೂ ಅದು ಅವನ ಪಾಲಿಗೆ ಬಂದ ಆಸ್ತಿಯಾಯಿತು. ಸೂಗಪ್ಪನ ಚಹಾದ ಹೋಟೆಲಿನಲ್ಲಿ ಹೊಸಬರು ಯಾರೇ ಬಂದು ಕೂರಲಿ, ಆ ಮಾತು ಈ ಮಾತು ಆಡಿ, ಕೊನೆಗೆ ಕಿಟಕಿಯಾಚೆ ಬೆರಳು ತೋರಿಸುತ್ತಿದ್ದ. ‘ಅದು ಯಾತರ ಮ್ಯಾಲ ನಿಂತದ ಹೇಳ್ರಿ ನೋಡಾನು.’ ಅವರು ಕಬ್ಬಿಣ ಎನ್ನಬೇಕು, ಇವನು ನಗಬೇಕು. ಅಷ್ಟು ಹೊತ್ತಿಗೆ ಸೂಗಪ್ಪ ಇನ್ನೆರಡು ಕಪ್ಪು ಚಹಾ ತಂದಿಡುತ್ತಿದ್ದ. ಕಥೆ ಉದ್ದದ್ದು ಎಂದು ಅವನಿಗೆ ಗೊತ್ತು.

ನಿಜಾಮರ ಆಳಿಕೆ ಹೋಯಿತು, ಊರು ಮೈಸೂರು ರಾಜ್ಯಕ್ಕೆ ಸೇರಿತು. ಐದು ಮಜಲಿಯ ಒಳಗಿನ ಕಬ್ಬಿಣದ ಪಂಜರದ ಲಿಫ್ಟು ಒಂದು ದಿನ ಎರಡನೆಯ ಮಜಲಿಗೂ ಮೂರನೆಯದಕ್ಕೂ ನಡುವೆ ನಿಂತುಬಿಟ್ಟಿತು. ಅದರ ಬಿಡಿಭಾಗ ಪರದೇಶದಿಂದ ಬರಬೇಕಿತ್ತು, ಬರಲೇ ಇಲ್ಲ. ಅದರಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಕಲ್ಲಿನ ವ್ಯಾಪಾರ ತಗ್ಗಿತು. ಕಂಪನಿಯವರು ಮೇಲಿನ ಒಂದು ಮಜಲಿಯಲ್ಲಿ ಮುದುಡಿಕೊಂಡು ಉಳಿದದ್ದನ್ನು ಬಾಡಿಗೆಗೆ ಬಿಟ್ಟರು. ಲಾಲಪ್ಪ ಮಾತ್ರ ಚಿತ್ತಾಪುರದಿಂದ ವಾಡಿಯ ತನಕ ಮನೆ ಕಟ್ಟುತ್ತ, ಹುಡುಗರನ್ನು ಗೌಂಡಿಗಳನ್ನಾಗಿ ಮಾಡುತ್ತ, ಪ್ರತಿಯೊಬ್ಬನಿಗೂ ಮೊದಲ ಪಾಠವಾಗಿ ಆ ಗೋಡೆಯ ಕಥೆ ಹೇಳುತ್ತ ನಡೆದ.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ ಕೆಳಗಿನ ಮಜಲಿಗೆ ಒಂದು ಬ್ಯಾಂಕು ಬಂತು. ಅದರ ಮ್ಯಾನೇಜರು ಹಣಮಂತರಾಯರು ರಾಯಚೂರು ಕಡೆಯವರು, ಮೃದು ಮಾತಿನವರು. ಮೇಜು ಬಂತು, ಕುರ್ಚಿ ಬಂತು, ಬೋರ್ಡೂ ಬಂತು. ಕೊನೆಗೆ ಗೂಡ್ಸ್ ರೈಲಿನಲ್ಲಿ ತಿಜೋರಿ ಬಂತು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಓರೆ ಮಾಡಿದರು, ಮಲಗಿಸಿದರು, ನಿಲ್ಲಿಸಿದರು. ಐದು ಗೇಣು ದಪ್ಪದ ಗೋಡೆಯೊಳಗಿನ ಆ ಬಾಗಿಲು ಸುರಂಗದ ಹಾಗಿತ್ತು, ತಿಜೋರಿ ಅದರ ಬಾಯಿಗೆ ಸಿಕ್ಕಿಕೊಂಡು ಹಿಂದಕ್ಕೆ ಬರುವುದೇ ಕಷ್ಟವಾಯಿತು. ಹೊರಗೆ ಕಟ್ಟೆಯ ಮೇಲೆ ಅದನ್ನು ಇಟ್ಟು, ಅದರ ಮೇಲೆ ಚಾಪೆ ಹಾಸಿ ಕಾವಲುಗಾರ ಮಲಗುವುದೆಂದಾಯಿತು. ಊರವರು ಹೋಗುತ್ತ ಬರುತ್ತ, ‘ಬ್ಯಾಂಕಿನ್ಯಾಗ ಏನ್ ಇಟ್ಟೀರಪಾ’ ಎಂದು ಕೇಳಿ, ‘ಮಂದಿ ಇಟ್ಟೀವ್ರಿ, ತಿಜೋರಿ ಹೊರಗ’ ಎಂದು ಅವನಿಂದ ಹೇಳಿಸಿಕೊಂಡು ನಗುತ್ತಿದ್ದರು.

ಗೋಡೆ ಒಡೆದು ಬಾಗಿಲು ಅಗಲ ಮಾಡಬೇಕು. ಕಂಪನಿಯ ಇಂಜಿನಿಯರು ಅಬ್ದುಲ್ ಕರೀಮ್ ವಾಡಿಯಿಂದ ಗೌಂಡಿಗಳನ್ನು ಕರೆಸಿದ. ಅವರು ಬಂದು ಗೋಡೆಯ ಮೇಲೆ ಕೈಯಾಡಿಸಿ, ಮೇಲಕ್ಕೆ ನೋಡಿ, ‘ಲಾಲಪ್ಪ ಮುತ್ಯಾನ್ ಕೇಳೀರೇನ್ರಿ’ ಎಂದರು. ಅವರೆಲ್ಲ ಅವನ ಕೈಯಲ್ಲೇ ಕಲಿತವರು. ಶಹಾಬಾದಿನವರನ್ನು ಕರೆದರೂ ಅದೇ ಮಾತು. ಯಾರೂ ಸುತ್ತಿಗೆ ಎತ್ತಲಿಲ್ಲ. ಕೊನೆಗೆ ಕರೀಮನೇ ಲಾಲಪ್ಪನ ಮನೆಗೆ ಬಂದ. ಈ ಕರೀಮ್ ಬೇರೆ ಯಾರೂ ಅಲ್ಲ, ಖಾಜಾಮಿಯಾ ಉಸ್ತಾದರ ಮೊಮ್ಮಗ. ಗುಲ್ಬರ್ಗಾದಲ್ಲಿ ಇಂಜಿನಿಯರಿಂಗ್ ಓದಿ ಬಂದವನು.

‘ಬರ್ರಿ ಸಾಬ್, ಕುಂದ್ರಿ,’ ಎಂದು ಲಾಲಪ್ಪ ಕಂಬಳಿ ಹಾಸಿದ.

‘ಸಾಬ್ ಅನಬ್ಯಾಡ ಕಾಕಾ. ನಿನ್ನ ಹೆಗಲ ಮ್ಯಾಲ ಕುಂತು ಉರುಸಿಗಿ ಹೋದಾವ ನಾ.’

‘ಹೌದಲ್ಲ. ಆಗ ಹಗುರಿದ್ದಿ. ಈಗ ಭಾಳ ಭಾರದ ಮಾತ್ ಹೊತ್ಕೊಂಡ್ ಬಂದೀ ಅಂತ ಕಾಣ್ತದ.’

‘ಆ ಗ್ವಾಡಿ ಏನೂ ಹೊತ್ತಿಲ್ಲ ಕಾಕಾ. ಖರೆ ಹೇಳ್ಲಿಕತ್ತೀನಿ. ನಕ್ಷಾ ನೋಡೀನಿ, ಲೆಕ್ಕಾನೂ ಮಾಡೀನಿ.’

‘ನಿಮ್ಮ ಅಜ್ಜ ಏನ್ ಹೇಳಿದ್ರು ಗೊತ್ತದ ಏನು?’

‘ಗೊತ್ತದ. ಚಿಕ್ಕಂದಿನಾಗ ಅದೇ ಕೇಳ್ಕೋತ ಮಲಗೀನಿ. ಅಜ್ಜ ತಪ್ಪಿದ್ದ.’

ಲಾಲಪ್ಪ ಕಂಬಳಿಯ ಅಂಚು ಸರಿ ಮಾಡಿದ. ಉಸ್ತಾದರ ರಕ್ತವೇ ಹಾಗೆ ಹೇಳಿದರೆ ಯಾರ ಹತ್ತಿರ ಜಗಳ ಮಾಡುವುದು? ಬಾಗಿಲಲ್ಲಿ ನಿಂತ ಭೀಮಬಾಯಿ ಚಹಾದ ಕಪ್ಪು ಕರೀಮನ ಕೈಗಿಟ್ಟು, ‘ಇವರ ಅಭಿಪ್ರಾಯ ಕೇಳಬ್ಯಾಡಪಾ. ಇವರು ಮನಿ ಜಂತಿ ಹುಳ ತಿಂದ್ರೂ ಐದು ಮಜಲಿ ಕಡೆ ನೋಡ್ಕೋತ ಕುಂದರ್ತಾರ,’ ಎಂದಳು. ಕರೀಮ್ ನಕ್ಕ. ಲಾಲಪ್ಪ ಒಲ್ಲೆ ಎಂದು ಹೇಳಿ ಕಳಿಸಿದ.

ಸುದ್ದಿ ಹೋಟೆಲಿಗೆ ಮುಟ್ಟಿತು. ಬಾಗಿಲು ಆಗದಿದ್ದರೆ ಬ್ಯಾಂಕನ್ನು ವಾಡಿಗೆ ಒಯ್ಯಲು ಮೇಲಿನವರಿಂದ ಹುಕುಂ ಬಂದಿದೆ ಎಂದೂ ಯಾರೋ ಹೇಳಿದರು. ಸೂಗಪ್ಪ ಚಹಾ ಸೋಸುತ್ತಲೇ ಕುಟುಕಿದ. ‘ಲಾಲಪ್ಪಣ್ಣ, ನಿನ್ನ ಗ್ವಾಡಿ ಇಷ್ಟು ದಿನ ನಾಕು ಮಜಲಿ ಹೊತ್ತಿತ್ತು. ಈಗ ಇಡೀ ಊರ ಬ್ಯಾಂಕೇ ಹೊತ್ಕೊಂಡು ವಾಡಿಗಿ ಹೊಂಟದ ನೋಡು.’ ಎಲ್ಲರೂ ನಕ್ಕರು. ಲಾಲಪ್ಪನೂ ನಕ್ಕ. ಆದರೆ ಅಂದು ಚಹಾ ಮುಗಿಸದೆ ಎದ್ದು ಬಂದ.

ಅವನ ಸಂಕಟ ಸುಲಭದ್ದಲ್ಲ. ಗೋಡೆ ಒಡೆದು ಕಟ್ಟಡ ಕುಸಿದರೆ ಜನರ ಜೀವ ಹೋಗುತ್ತದೆ. ಒಡೆದೂ ಅದು ಹಾಗೇ ನಿಂತರೆ, ಅವನು ಜೀವಮಾನವಿಡೀ ಹೇಳಿದ್ದು, ಹತ್ತಾರು ಗೌಂಡಿಗಳಿಗೆ ಕಲಿಸಿದ್ದು, ಉಸ್ತಾದರ ಹೆಸರು ಎಲ್ಲವೂ ಒಮ್ಮೆಗೇ ನಗೆಪಾಟಲಾಗುತ್ತದೆ. ಒಲ್ಲೆ ಎಂದು ಕೂತರೆ ಬ್ಯಾಂಕು ಹೋಗುತ್ತದೆ. ಮನೆಯಲ್ಲಿ ರೊಟ್ಟಿ ಮುರಿಯುತ್ತ ಮುರಿಯುತ್ತ ಕೈ ಅಲ್ಲೇ ನಿಂತಿತ್ತು.

ಭೀಮಬಾಯಿ ಒಲೆಯ ಮುಂದಿನಿಂದ ಏಳದೆ ಕೇಳಿದಳು. ‘ಬಿದ್ದರ ನೀ ಖರೆ. ನಿಂತರ ಊರು ಖರೆ. ನಿನಗ ಯಾವ್ದು ಆಗಬೇಕಾಗ್ಯದ ಹೇಳು.’

ಬಿದ್ದರೆ ತಾನು ಖರೆ. ಅಂಥ ಗೆಲುವನ್ನು ಹೊತ್ತುಕೊಂಡು ಊರಲ್ಲಿ ಹೇಗೆ ತಿರುಗುವುದು? ಲಾಲಪ್ಪ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ರುಮಾಲು ಸುತ್ತಿಕೊಂಡು ನೇರ ಐದು ಮಜಲಿಗೆ ನಡೆದ.

ಕರೀಮ್ ಏಣಿ ಹಾಕಿಸಿದ. ಗೋಡೆಯ ತಲೆ ತೊಲೆಗೆ ತಾಗುವ ಜಾಗದಲ್ಲಿ ಗಚ್ಚು ಒಣಗಿ ಕೂದಲೆಳೆಯಷ್ಟು ಬಿಟ್ಟಿತ್ತು. ಲಾಲಪ್ಪ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ಅಲ್ಲಿ ತೂರಿಸಿದ. ಕಡ್ಡಿ ಸರಾಗವಾಗಿ ಒಳಗೆ ಹೋಯಿತು. ಮೇಲೆ ಭಾರವಿದ್ದರೆ ಕಡ್ಡಿಗೆ ದಾರಿ ಎಲ್ಲಿಯದು? ಮುಂದಕ್ಕೆ ಸರಿದು ಇನ್ನೊಂದೆಡೆ ತೂರಿಸಿದ, ಹೋಯಿತು. ಮತ್ತೊಂದೆಡೆಯೂ ಹೋಯಿತು. ಆದರೆ ಬಾಗಿಲು ಆಗಬೇಕಾದ ಜಾಗದ ಎಡಕ್ಕೆ ಬಂದಾಗ ಕಡ್ಡಿ ನಿಂತಿತು. ಎರಡು ಸಲ ನೋಡಿದ. ಕಡ್ಡಿ ಬಾಗಿ ಮುರಿಯಿತು.

‘ಇಲ್ಲಿ ನಿಂತದ,’ ಎಂದ ಲಾಲಪ್ಪ.

ಕರೀಮನ ಮುಖದ ನಗು ಮೊದಲ ಸಲ ಸ್ವಲ್ಪ ಸಡಿಲವಾಯಿತು. ‘ಗಚ್ಚಿನ ಗಂಟು ಇರಬೇಕು ಕಾಕಾ.’

‘ಇರಬಹುದು. ಇರಲಿಕ್ಕಿಲ್ಲ. ನಾ ಒಡೀತೀನಿ. ಆದರ ನಾ ಹೇಳಿದಂಗ ಆಗಬೇಕು. ಟೇಕು ಕೊಟ್ಟೇ ಒಡಿಯೋದು. ಟೇಕು ತೆಗೆಯೋ ದಿನ ಮ್ಯಾಲಿನ ಮಜಲಿಯಾಗ ಒಂದು ನರಪಿಳ್ಳಿ ಇರಬಾರದು. ಒಳಗ ನಾ ಒಬ್ಬಾವೇ.’

ಕೆಲಸ ಶುರುವಾಯಿತು. ಗೋಡೆಯಲ್ಲಿ ಗೂಡು ಕೊರೆದು, ಕಬ್ಬಿಣದ ತೊಲೆಯ ಕೆಳಗೆ ಸಾಲಾಗಿ ಮರದ ಕಂಬಗಳನ್ನು ಟೇಕಾಗಿ ನಿಲ್ಲಿಸಿ, ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡಿದರು. ಕಡ್ಡಿ ನಿಂತ ಜಾಗದ ಕಂಬದ ಬೆಣೆಯನ್ನು ಲಾಲಪ್ಪ ಬೇರೆಯವರ ಕೈಗೆ ಕೊಡಲಿಲ್ಲ. ತಾನೇ ಹೊಡೆದ, ಮತ್ತೆ ಹೊಡೆದ, ಹೋಗಿ ನೀರು ಕುಡಿದು ಬಂದು ಮತ್ತೊಮ್ಮೆ ಹೊಡೆದ. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಕಲ್ಲು ಬಿಡಿಸುತ್ತ ಬಂದರು. ಗಚ್ಚು ಕಲ್ಲಿಗಿಂತ ಗಟ್ಟಿ. ಬಿಡಿಸಿದ ಕಲ್ಲುಗಳಲ್ಲಿ ಕೆಲವನ್ನು ಲಾಲಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ. ‘ಇದು ನಂದು. ಮಗ್ಗಲಾಗ ಬಿರುಕು ಬಿಟ್ಟೀನಿ ನೋಡು, ಆಗ ಕೈ ಕುಂತಿದ್ದಿಲ್ಲ,’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಟೇಕು ತೆಗೆಯುವುದೆಂದಾಯಿತು. ಆಫೀಸುಗಳಿಗೆಲ್ಲ ಬೀಗ. ಊರ ಅರ್ಧ ಜನ ರಸ್ತೆಯ ಆಚೆ ದಂಡೆಗೆ ಬಂದು ನಿಂತಿತ್ತು. ಸೂಗಪ್ಪ ಕಿಟಲಿ ಹಿಡಿದು ಅಲ್ಲೇ ವ್ಯಾಪಾರ ಹಚ್ಚಿದ್ದ. ಹಣಮಂತರಾಯರು ತಿಜೋರಿಯ ಪಕ್ಕ ನಿಂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಒಳಗೆ ಬರುತ್ತೇನೆಂದ ಕರೀಮನನ್ನು ಲಾಲಪ್ಪ ತಡೆದ. ‘ನಿಮ್ಮ ಅಜ್ಜನ ಮನಿತನದಾಗ ಓದಿದಾವ ನೀ ಒಬ್ಬಾವ ಇದ್ದೀ. ಹೊರಗ ನಿಂದ್ರು.’

ಸುತ್ತಿಗೆ ಹಿಡಿದು ಒಳಗೆ ಹೋದ. ಹಿಂದೆ ಬಳೆಯ ಸಪ್ಪಳವಾಯಿತು. ನೋಡಿದರೆ ಭೀಮಬಾಯಿ, ಕೈಯಲ್ಲಿ ಬುತ್ತಿಯ ಗಂಟು.

‘ಹೊರಗ ನಡಿ. ಇದು ಹೆಣ್ಮಕ್ಕಳ ಜಾಗ ಅಲ್ಲ.’

‘ಈ ಗ್ವಾಡಿ ಕಥಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ಅದು ಮುಗಿಯೋ ದಿನ ನಾ ಹೊರಗ ನಿಂದರ್ಲೇನು?’ ಅವಳು ಒಡೆದ ಗೋಡೆಯ ಕೆಳಗೇ ಒಂದು ಕಲ್ಲಿನ ಮೇಲೆ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ‘ಬಡಿ. ರೊಟ್ಟಿ ಆರ್ತಾವ.’

ಅವಳನ್ನು ಎಬ್ಬಿಸುವುದು ತಿಜೋರಿ ಎತ್ತುವುದಕ್ಕಿಂತ ಕಷ್ಟ ಎಂದು ಅವನಿಗೆ ಗೊತ್ತಿತ್ತು. ಬಲಗಡೆಯ ಮೊದಲ ಬೆಣೆಗೆ ಹೊಡೆದ. ಒಂದೇ ಏಟಿಗೆ ಅದು ಹಾರಿ ಹೋಯಿತು, ಕಂಬ ಕೈಗೆ ಬಂತು. ಎರಡನೆಯದೂ ಹಾಗೆಯೇ. ಮೂರನೆಯದು ಮುಟ್ಟಿದ ಮಾತ್ರಕ್ಕೆ ಕಳಚಿತು. ಉಳಿದದ್ದು ಎಡಗಡೆಯದು. ಲಾಲಪ್ಪ ಅಂಗೈ ಒರೆಸಿಕೊಂಡು ಹೊಡೆದ. ಬೆಣೆ ಅಲುಗಲಿಲ್ಲ. ಮತ್ತೊಂದು ಏಟು. ಕಬ್ಬಿಣ ಹೊಡೆದಂಥ ಸದ್ದು ಬಂತು, ಬೆಣೆ ಅಲ್ಲೇ ಇತ್ತು. ಮೇಲಿನ ನಾಲ್ಕೂ ಮಜಲಿ ಆ ಒಂದು ಕಂಬದ ಮೇಲೆ ಬಂದು ಕೂತಂತೆ ಅನಿಸಿತು.

‘ಭೀಮಿ, ಇದು ಹೊತ್ತದ. ಎದ್ದು ಹೊರಗ ಹೋಗು.’ ಈ ಸಲ ಅವನ ದನಿಯಲ್ಲಿ ಗದರಿಕೆ ಇರಲಿಲ್ಲ.

ಅವಳು ಏಳಲಿಲ್ಲ. ಬಗ್ಗಿ ಬೆಣೆಯನ್ನೇ ನೋಡಿದಳು. ‘ಇದನ್ನ ಹೊಡೆದಾವ ಯಾರು?’

‘ನಾನೇ.’

‘ಎಷ್ಟು ಹೊಡ್ದಿ?’

ಲಾಲಪ್ಪ ಸುತ್ತಿಗೆ ಇಳಿಸಿದ. ಆ ದಿನ ಹೆದರಿಕೆಯಲ್ಲಿ ಹೊಡೆದದ್ದು, ನೀರು ಕುಡಿದು ಬಂದು ಮತ್ತೆ ಹೊಡೆದದ್ದು ಕಣ್ಣ ಮುಂದೆ ಬಂತು. ಕಂಬವನ್ನು ಬಿಗಿದು ಹಿಡಿದಿರುವುದು ಕಟ್ಟಡವೋ, ತನ್ನದೇ ಸುತ್ತಿಗೆಯೋ? ಹಿಂದೆ ಸರಿದು, ಬೆಣೆಯ ಮಗ್ಗುಲಿಗೆ, ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವಂತೆ ಓರೆಯಾಗಿ ಕೊಟ್ಟ. ಒಂದು, ಎರಡು. ಮೂರನೆಯದಕ್ಕೆ ಬೆಣೆ ಕಿರ್ರೆಂದು ಕಳಚಿ ಬಿತ್ತು. ಕಂಬ ಓಲಾಡಿ ಗೋಡೆಗೆ ಒರಗಿತು.

ಏನೂ ಆಗಲಿಲ್ಲ. ತೊಲೆಯಿಂದ ಒಂದು ಚಿಟಿಕೆ ಸುಣ್ಣದ ಪುಡಿ ಭೀಮಬಾಯಿಯ ಸೆರಗಿನ ಮೇಲೆ ಉದುರಿತು. ಮೇಲೆ ಲಿಫ್ಟಿನ ಪಂಜರದಲ್ಲಿ ಪಾರಿವಾಳಗಳು ತಮ್ಮ ಪಾಡಿಗೆ ಗುಟುರು ಹಾಕುತ್ತಿದ್ದವು.

ಲಾಲಪ್ಪ ಮೇಲೆ ನೋಡಿದ, ಅಗಲವಾಗಿ ತೆರೆದ ಬಾಗಿಲನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ಅವಳ ಪಕ್ಕ ಕುಸಿದು ಕೂತ. ಹೊರಗಿನವರಿಗೆ ಮೊದಲು ಕೇಳಿದ್ದು ಆ ನಗೆಯೇ. ಬುದ್ಧಿ ಭ್ರಮಣೆಯಾಯಿತೋ ಎಂದು ಕರೀಮ್ ಓಡಿ ಬಂದ. ಗಂಡ ಹೆಂಡತಿ ನಾಲ್ಕು ಮಜಲಿಯ ಕೆಳಗೆ ಗೋಡೆಯಿಲ್ಲದ ಜಾಗದಲ್ಲಿ ಕೂತು ರೊಟ್ಟಿ ಶೇಂಗಾ ಹಿಂಡಿ ತಿನ್ನುತ್ತಿದ್ದರು.

‘ಕುಂದ್ರಪಾ,’ ಎಂದ ಲಾಲಪ್ಪ, ‘ನಿಮ್ಮ ಅಜ್ಜನೂ ನಾನೂ ಕೂಡಿ ಸೋತೀವಿ. ಒಬ್ಬಾವೇ ಸೋತಿದ್ದರ ಕೆಟ್ಟ ಅನಸ್ತಿತ್ತು.’

ತಿಜೋರಿಯನ್ನು ಉರುಳುಗಂಬಗಳ ಮೇಲೆ ದಬ್ಬಿ ಒಳಗೆ ಸೇರಿಸಿದರು. ಎಲ್ಲರೂ ಅದರ ಗದ್ದಲದಲ್ಲಿದ್ದಾಗ ಲಾಲಪ್ಪ ಮೈ ಮೇಲಿನ ಸುಣ್ಣ ಕೊಡವಿಕೊಳ್ಳದೆಯೇ ಹೋಟೆಲಿಗೆ ನಡೆದು ತನ್ನ ಮಾಮೂಲು ಜಾಗದಲ್ಲಿ ಕೂತ. ನಗಲೆಂದೇ ಬಂದವರು ಬಾಗಿಲಲ್ಲಿ ಅವನನ್ನು ಕಂಡು ತಡವರಿಸಿದರು.

‘ಬರ್ರಿ, ಬರ್ರಿ,’ ಎಂದು ಅವನೇ ಕರೆದ. ‘ಕಟ್ಟಡ ಕಬ್ಬಿಣದ ಮ್ಯಾಲ ನಿಂತಿತ್ತು. ಗ್ವಾಡಿ ಮ್ಯಾಲ ನಿಂತಾವ ನಾನು. ಅದನ್ನ ನಾನೇ ಕೆಡವಿ ಬಂದೀನಿ. ಹೆಂಗ ಕೆಡವಿದೆ ಅಂತ ಹೇಳ್ತೀನಿ, ಸೂಗಪ್ಪ, ಚಹಾ ಇಡು.’

ಕಥೆ ಬೆಣೆ ಸಿಕ್ಕಿಕೊಂಡ ಜಾಗಕ್ಕೆ ಬಂದಾಗ ಅವನು ಎಷ್ಟು ಹೊತ್ತು ಸುಮ್ಮನೆ ಕೂತನೆಂದರೆ, ಒಬ್ಬನ ಕೈಯಲ್ಲಿನ ಬೀಡಿ ಬೆರಳು ಸುಟ್ಟಿತು. ಹಳೆಯ ಕಥೆಗಿಂತ ಇದು ಚೆನ್ನಾಗಿದೆ ಎಂದು ಸೂಗಪ್ಪನೇ ಒಪ್ಪಿಕೊಂಡ. ಲಾಲಪ್ಪನ ಕೈಯಲ್ಲಿ ಕಲಿತ ಗೌಂಡಿಗಳು ಕೆಲವು ದಿನ ಅವನ ಮುಖ ನೋಡಲು ಹಿಂಜರಿದರು. ಆಮೇಲೆ ಅವರೂ ಆ ಕಥೆಯನ್ನು ವಾಡಿ, ಚಿತ್ತಾಪುರಗಳಿಗೆ ಒಯ್ದು ಹಂಚಿದರು.

ಅದರಿಂದ ಒಂದು ಬೆಳೆ ಬಂತು. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳ ತುಂಬ ಮೊಳಗಟ್ಟಲೆ ದಪ್ಪ ಗೋಡೆಯ ಹಳೆಯ ವಾಡೆಗಳಿದ್ದವು. ಟ್ರ್ಯಾಕ್ಟರ್ ಒಳಗೆ ಬರಬೇಕು, ಮಂಚ ಬರಬೇಕು, ಗಾಳಿ ಬರಬೇಕು ಎಂದು ಜನ ಬಾಗಿಲು ಕಿಟಕಿ ಅಗಲ ಮಾಡಿಸಲು ಹೊರಟಿದ್ದ ಕಾಲ. ಗೋಡೆ ಒಡೆಯುವುದಕ್ಕೆ ಗೌಂಡಿಗಳು ಹೆದರುತ್ತಿದ್ದರು. ನಾಲ್ಕು ಮಜಲಿಯ ಕೆಳಗೆ ಕೂತು ರೊಟ್ಟಿ ತಿಂದವನಿಗೆ ಎಲ್ಲಿಯ ಹೆದರಿಕೆ ಎಂದು ಎಲ್ಲರೂ ಲಾಲಪ್ಪನನ್ನು ಹುಡುಕಿಕೊಂಡು ಬಂದರು. ಬಾಗಿಲ ಲಾಲಪ್ಪ ಎಂದು ಹೆಸರಾಯಿತು. ಮುಂದಿನ ಹತ್ತು ವರ್ಷ, ಕೈ ನಡುಗುವ ತನಕ, ಅವನು ಮನೆ ಕಟ್ಟಿದ್ದಕ್ಕಿಂತ ಒಡೆದದ್ದೇ ಹೆಚ್ಚು.

ಆಡಕಿ ಊರಿನ ಗುರುಲಿಂಗಮ್ಮ ಗೌಡತಿಯ ಮನೆಯಲ್ಲಿ ಅಡುಗೆ ಕೋಣೆಗೆ ಕಿಟಕಿ ಬೇಕಾಗಿತ್ತು. ಲಾಲಪ್ಪ ಗೋಡೆಗೆ ಕಿವಿ ಹಚ್ಚಿ ಬೆರಳಿನಿಂದ ಬಾರಿಸಿದ, ಏಣಿ ಹತ್ತಿ ಜಂತಿಯ ಕೆಳಗೆ ಕಡ್ಡಿ ತೂರಿಸಿ ನೋಡಿದ. ಕಡ್ಡಿ ಎಲ್ಲಿಯೂ ಹೋಗಲಿಲ್ಲ.

‘ನೀ ಬಂದೀ ಅಂದಮ್ಯಾಲ ನಮಗ ಅಂಜಿಕಿ ಇಲ್ಲ ಬಿಡು,’ ಎಂದಳು ಗೌಡತಿ. ‘ಐದು ಮಜಲೀನೇ ಬೀಳಲಿಲ್ಲಂತ, ಇದೇನ್ ಬೀಳ್ತದ?’

ಲಾಲಪ್ಪ ಏಣಿಯಿಂದ ಇಳಿದು ಕೈ ಕೊಡವಿಕೊಂಡ.

‘ಇದು ಬೀಳ್ತದ್ರಿ ಅವ್ವಾರ. ಇದು ಖರೇನ ಹೊತ್ತದ. ಮೊದಲ ಟೇಕಿಗಿ ನಾಕು ಗಟ್ಟಿ ತೊಲಿ ತರಸ್ರಿ, ಮತ್ತ ಮಕ್ಕಳ್ನೆಲ್ಲ ಕರ್ಕೊಂಡು ಅಂಗಳಕ್ಕ ನಡೀರಿ.’